ಔಷಧ ಎಲ್ಲಿಗೆ ಹೋಯ್ತು ಅಂತ ಬೆಳಕೇ ತೋರಿಸಿದರೆ? ಹೊಳೆಯುವ ಪಾಲಿಮರ್ ಅಂದ್ರೇನು, ನಮಗೇನು ಉಪಯೋಗ?

ಬಾಗಲಕೋಟೆ: ಇಳಕಲ್‌ನ ಸೀರೆ ಅಂಗಡಿ ಇರಲಿ, ಬಾದಾಮಿಯ ಕಿರಾಣಿ ಅಂಗಡಿ ಇರಲಿ, ಗಲ್ಲಾಪೆಟ್ಟಿಗೆ ಪಕ್ಕ ನೋಟು ನೋಡುವ ಸಣ್ಣ ನೇರಳೆ ದೀಪ ಈಗ ಬಹಳ ಕಡೆ ಐತಿ. 500 ರೂಪಾಯಿ ನೋಟನ್ನು ಅದರ ಕೆಳಗೆ ಹಿಡಿದರೆ ನಂಬರ್ ಬರೆದ ಜಾಗ ಹೊಳೆಯುತ್ತದೆ. ನೋಟಿನ ಕಾಗದದಲ್ಲಿ ಸೇರಿಸಿದ ಸಣ್ಣ ಎಳೆಗಳೂ ಮಿಂಚುತ್ತವೆ. ಮಾಮೂಲಿ ಬೆಳಕಿನಲ್ಲಿ ಕಾಣದ್ದು ಆ ದೀಪದ ಕೆಳಗೆ ಕಾಣುತ್ತದೆ.

ಇದೇ ತತ್ವವನ್ನು ಮನುಷ್ಯನ ದೇಹದೊಳಗೆ ಬಳಸಲು ವಿಜ್ಞಾನಿಗಳು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ರೋಗ ಇರುವ ಜಾಗಕ್ಕೆ ಹೋದಾಗ ಮಾತ್ರ ಹೊಳೆಯಬೇಕು, ಅಲ್ಲೇ ಔಷಧ ಬಿಡಬೇಕು, ಬೇರೆ ಕಡೆ ಸುಮ್ಮನಿರಬೇಕು. ಅಂಥ ವಸ್ತುವಿಗೆ ಬೆಳಕು ಸೂಸುವ, ಸ್ಪಂದಿಸುವ ಪಾಲಿಮರ್ ಎನ್ನುತ್ತಾರೆ. ಹೆಸರು ದೊಡ್ಡದು, ಆದರೆ ಇದರ ಅರ್ಧ ಭಾಗ ಈಗಾಗಲೇ ನಿಮ್ಮ ಮನೆಯ ಗುಳಿಗೆ ಡಬ್ಬಿಯಲ್ಲಿದೆ. ಈ ಕೆಲಸದ ಒಂದು ಮುಖ್ಯ ಕೊಂಡಿ ನಮ್ಮ ಪಕ್ಕದ ಧಾರವಾಡದಲ್ಲೇ ಇದೆ.

ಮೊದಲು, ತೊಂದರೆ ಏನು?

ಕ್ಯಾನ್ಸರ್ ಬಂದವರ ಮನೆಯವರಿಗೆ ಕೀಮೋ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಓಡಾಡಿದವರು ನೋಡಿರುತ್ತಾರೆ: ತಲೆಗೂದಲು ಉದುರುತ್ತದೆ, ವಾಂತಿ, ಬಾಯಿ ಹುಣ್ಣು, ಬಿಳಿ ರಕ್ತಕಣ ಇಳಿಕೆ. ಔಷಧ ಕೆಟ್ಟದ್ದು ಅಂತಲ್ಲ. ಅದಕ್ಕೆ ವಿಳಾಸ ಗೊತ್ತಿಲ್ಲ, ಅಷ್ಟೇ. ಬೇಗ ಬೇಗ ಬೆಳೆಯುವ ಜೀವಕೋಶವನ್ನು ಕೊಲ್ಲುವುದು ಅದರ ಕೆಲಸ. ಕ್ಯಾನ್ಸರ್ ಗಂಟು ಬೇಗ ಬೆಳೆಯುತ್ತದೆ, ನಿಜ. ಆದರೆ ಕೂದಲಿನ ಬುಡ, ಕರುಳಿನ ಒಳಪದರ, ಎಲುಬಿನ ಮಜ್ಜೆ ಇವೂ ಬೇಗ ಬೆಳೆಯುವವೇ. ರಕ್ತಕ್ಕೆ ಹಾಕಿದ ಔಷಧ ಎಲ್ಲ ಕಡೆ ಹೋಗುತ್ತದೆ, ಎಲ್ಲ ಕಡೆ ಹೊಡೆಯುತ್ತದೆ.

ಎರಡನೇ ತೊಂದರೆ ಆಪರೇಷನ್ನಿನದು. ಗಂಟು ತೆಗೆಯುವಾಗ ರೋಗದ ಅಂಚು ಎಲ್ಲಿಗೆ ಮುಗಿಯಿತು, ಒಳ್ಳೆಯ ಮಾಂಸ ಎಲ್ಲಿಂದ ಶುರು ಎನ್ನುವುದು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ತೆಗೆದ ತುಂಡು ಲ್ಯಾಬಿಗೆ ಹೋಗಿ, ಕೆಲವು ದಿನದ ಮೇಲೆ ವರದಿ ಬರುತ್ತದೆ. ಅಂಚಿನಲ್ಲಿ ರೋಗ ಉಳಿದಿದೆ ಅಂತ ಬಂದರೆ ಮತ್ತೆ ಆಪರೇಷನ್. ಇನ್ನೊಮ್ಮೆ ಖರ್ಚು, ಇನ್ನೊಮ್ಮೆ ನೋವು, ಇನ್ನೊಮ್ಮೆ ದುಡಿಮೆ ಬಿಟ್ಟು ಆಸ್ಪತ್ರೆಯಲ್ಲಿ ಕೂಡುವುದು.

ಈ ಎರಡೂ ತೊಂದರೆಗಳ ಮೂಲ ಒಂದೇ. ಒಳಗೆ ಏನು ನಡೆದಿದೆ ಅನ್ನೋದು ಕಾಣುವುದಿಲ್ಲ.

ಪಾಲಿಮರ್ ಅಂದ್ರೆ ಬರೀ ಪ್ಲಾಸ್ಟಿಕ್ ಅಲ್ಲ

ಪಾಲಿಮರ್ ಅಂದ ಕೂಡಲೇ ಕ್ಯಾರಿ ಬ್ಯಾಗ್ ನೆನಪಾಗುತ್ತದೆ. ಅದೂ ಪಾಲಿಮರ್ರೇ. ಆದರೆ ಒಂದೇ ಥರದ ಸಣ್ಣ ಅಣುಗಳು ಮಣಿ ಸರದ ಹಾಗೆ ಸಾವಿರಗಟ್ಟಲೆ ಪೋಣಿಸಿಕೊಂಡಿದ್ದರೆ ಅದಕ್ಕೆಲ್ಲ ಪಾಲಿಮರ್ ಎಂದೇ ಹೆಸರು. ಇಳಕಲ್ ಸೀರೆಯ ಹತ್ತಿ ನೂಲು ಪಾಲಿಮರ್. ಗುಳೇದಗುಡ್ಡದ ಖಣದಲ್ಲಿ ಬಳಸುವ ರೇಷ್ಮೆ ಎಳೆ ಪಾಲಿಮರ್. ಜೋಳದ ಹಿಟ್ಟಿನ ಪಿಷ್ಟವೂ ಪಾಲಿಮರ್, ಹಾಲಿನ ಪ್ರೋಟೀನೂ ಪಾಲಿಮರ್.

ಇವುಗಳಲ್ಲಿ ಕೆಲವಕ್ಕೆ ಒಂದು ಗುಣ ಇದೆ. ಸುತ್ತಲಿನ ಸ್ಥಿತಿ ಬದಲಾದರೆ ತಾವೂ ಬದಲಾಗುತ್ತವೆ. ಕಾಯಿಸಿದ ಹಾಲಿಗೆ ಲಿಂಬೆಹಣ್ಣು ಹಿಂಡಿ ನೋಡ್ರಿ, ಹಾಲು ಒಡೆಯುತ್ತದೆ. ಹುಳಿ ಸೇರಿದ ತಕ್ಷಣ ಹಾಲಿನ ಪ್ರೋಟೀನ್ ಗಂಟು ಕಟ್ಟಿಕೊಳ್ಳುತ್ತದೆ. ಹುಳಿಗೆ ಪ್ರೋಟೀನ್ ಕೊಟ್ಟ ಉತ್ತರ ಅದು. ಅರಿಸಿನ ಪಾಲಿಮರ್ ಅಲ್ಲ, ಆದರೂ ಅದೇ ಥರದ ಇನ್ನೊಂದು ಉದಾಹರಣೆ. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆಗೆ ಸಾಬೂನು ಹಚ್ಚಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಸಾಬೂನಿನ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸಿತು.

ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಅಳೆಯುವ ಲೆಕ್ಕಕ್ಕೆ ಪಿಎಚ್ ಅಂತಾರೆ. 7 ಅಂದ್ರೆ ಮಧ್ಯಮ. ಅದಕ್ಕಿಂತ ಕಡಿಮೆ ಆದಷ್ಟೂ ಹುಳಿ ಜಾಸ್ತಿ. ದೇಹದಲ್ಲಿ ಎಲ್ಲ ಕಡೆ ಪಿಎಚ್ ಒಂದೇ ಇರುವುದಿಲ್ಲ. ರಕ್ತದಲ್ಲಿ ಸುಮಾರು 7.4. ಖಾಲಿ ಹೊಟ್ಟೆಯಲ್ಲಿ 1ರಿಂದ 2ರ ಆಸುಪಾಸು, ಅಂದ್ರೆ ಬಹಳ ಹುಳಿ. ಕ್ಯಾನ್ಸರ್ ಗಂಟಿನ ಸುತ್ತ ರಕ್ತಕ್ಕಿಂತ ಸ್ವಲ್ಪ ಹುಳಿ, ಸಾಮಾನ್ಯವಾಗಿ 6.5ರಿಂದ 7ರ ನಡುವೆ. ಜೀವಕೋಶ ಹೊರಗಿನ ವಸ್ತುವನ್ನು ನುಂಗಿ ಜೀರ್ಣಿಸುವ ಚೀಲದೊಳಗೆ 5ರ ಹತ್ತಿರ. ಈ ವ್ಯತ್ಯಾಸವೇ ಔಷಧಕ್ಕೆ ವಿಳಾಸ ಆಗಬಲ್ಲದು.

ಚವಳಿಕಾಯಿ ಬೀಜದ ಅಂಟು, ಬಿಪಿ ಔಷಧ

ಇಲ್ಲಿ ಧಾರವಾಡ ಬರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ್ ಎಂ. ಅಮಿನಭಾವಿ ಅವರ ತಂಡ ಔಷಧವನ್ನು ನಿಧಾನವಾಗಿ, ಬೇಕಾದ ಜಾಗದಲ್ಲಿ ಬಿಡುವ ಪಾಲಿಮರ್‌ಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿತು. ಆ ತಂಡದಲ್ಲಿದ್ದವರಲ್ಲಿ ಕುಮಾರೇಶ ಸೊಪ್ಪಿಮಠ ಒಬ್ಬರು.

2001ರಲ್ಲಿ ಈ ತಂಡ ಪ್ರಕಟಿಸಿದ ಒಂದು ಪ್ರಬಂಧದ ವಿಷಯ ನಮ್ಮ ಸಂತೆಗೆ ಹತ್ತಿರದ್ದು. ನಾವು ಚವಳಿಕಾಯಿ ಅಂತೀವಲ್ಲ, ಬೆಂಗಳೂರು ಕಡೆ ಗೋರಿಕಾಯಿ ಅಂತಾರೆ, ಅದರ ಬೀಜದಿಂದ ತೆಗೆದ ಅಂಟಿಗೆ ಗೌರ್ ಗಮ್ ಎಂದು ಹೆಸರು. ಆ ಅಂಟಿಗೆ ಇನ್ನೊಂದು ಪಾಲಿಮರ್ ಕಸಿ ಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳನ್ನು ಅವರು ತಯಾರಿಸಿದರು. ಅದರೊಳಗೆ ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಮತ್ತು ನಿಫೆಡಿಪಿನ್ ಔಷಧ ತುಂಬಿ ನೋಡಿದರು. ಹೊಟ್ಟೆಯಂಥ ಹುಳಿಯಲ್ಲಿ ಗುಂಡು ಮುದುಡಿಕೊಂಡೇ ಇತ್ತು. ಕರುಳಿನಂಥ ಪಿಎಚ್ 7.4ಕ್ಕೆ ಬಂದಾಗ ಉಬ್ಬಿ ಔಷಧ ಬಿಟ್ಟಿತು. ಇದೆಲ್ಲ ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ನಡೆದ ಪರೀಕ್ಷೆ, ರೋಗಿಗೆ ಕೊಟ್ಟದ್ದಲ್ಲ. ಆದರೆ ಪಾಲಿಮರ್‌ಗೆ ಜಾಗ ಗುರುತಿಸಲು ಕಲಿಸಬಹುದು ಅನ್ನೋದು ಇದರಿಂದ ಕಾಣುತ್ತದೆ.

ಸೊಪ್ಪಿಮಠ ಮುಂದೆ ಸಿಂಗಪುರಕ್ಕೆ ಹೋದರು. 2005ರಲ್ಲಿ ಅಲ್ಲಿನ ಸಂಗಡಿಗರ ಜೊತೆ ಪ್ರಕಟಿಸಿದ ಕೆಲಸದಲ್ಲಿ ಪಾಲಿಮರ್ ಕಣ ಹುಳಿ ಮತ್ತು ಉಷ್ಣ ಎರಡಕ್ಕೂ ಸ್ಪಂದಿಸುತ್ತದೆ. ರಕ್ತದ ಪಿಎಚ್‌ನಲ್ಲಿ ಕಣ ಗಟ್ಟಿ ಇರುತ್ತದೆ. ಹುಳಿ ಜಾಗ ಬಂತು ಅಂದ್ರೆ ಅದರ ರಚನೆ ಕುಸಿದು ಒಳಗಿನ ಔಷಧ ಹೊರಬರುತ್ತದೆ.

ನಿಮ್ಮ ಗ್ಯಾಸ್ ಗುಳಿಗೆಯಲ್ಲೂ ಇದೆ

ಇದೆಲ್ಲ ಲ್ಯಾಬಿನ ಮಾತು, ನಮಗೇನು ಅನ್ನಬೇಡ್ರಿ. ಹುನಗುಂದದ ಯಾವುದೇ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಯಾಂಟೊಪ್ರಜೋಲ್ ಗುಳಿಗೆ ತೆಗೆದುಕೊಳ್ಳಿ. ಗ್ಯಾಸ್ ಗುಳಿಗೆ ಅಂತ ಎಲ್ಲರೂ ನುಂಗುವುದು ಅದೇ. ಆ ಔಷಧ ಹೊಟ್ಟೆಯ ಹುಳಿಯಲ್ಲಿ ಹಾಳಾಗುತ್ತದೆ. ಅದಕ್ಕೇ ಗುಳಿಗೆಯ ಮೇಲೆ ಪಾಲಿಮರ್ ಪದರ ಹಚ್ಚಿರುತ್ತಾರೆ. ಪಿಎಚ್ ಸುಮಾರು 5.5 ದಾಟಿದ ಮೇಲೆ, ಅಂದ್ರೆ ಕರುಳಿಗೆ ಹೋದ ಮೇಲೆಯೇ ಕರಗುವ ಪದರಗಳನ್ನು ಇದಕ್ಕೆ ಬಳಸುತ್ತಾರೆ. ಗುಳಿಗೆ ನುಂಗಲು ಕಷ್ಟ ಅಂತ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಟ್ಟರೆ ಆ ಪದರ ಒಡೆಯಿತು, ಔಷಧ ಹೊಟ್ಟೆಯಲ್ಲೇ ಹಾಳಾಯಿತು.

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಎಸ್‌ಆರ್, ಬಿಪಿಯ ಇಆರ್, ಎಕ್ಸ್‌ಎಲ್ ಗುಳಿಗೆಗಳದ್ದು ಇನ್ನೊಂದು ಕತೆ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಅಂತ ಇದ್ದರೆ ಔಷಧ ಗಂಟೆಗಟ್ಟಲೆ ನಿಧಾನವಾಗಿ ಹೊರಬರುವ ಹಾಗೆ ತಯಾರಿಸಿದ್ದಾರೆ ಅಂತ ಅರ್ಥ. ಹೆಚ್ಚಿನವುಗಳಲ್ಲಿ ಆ ಕೆಲಸ ಮಾಡುವುದು ಪಾಲಿಮರ್. ಅದನ್ನು ಜಜ್ಜಿ ಅಥವಾ ಅಗಿದು ನುಂಗಿದರೆ ಇಡೀ ದಿನಕ್ಕೆ ಬೇಕಾದದ್ದು ಒಮ್ಮೆಲೇ ರಕ್ತಕ್ಕೆ ಹೋಗಬಹುದು. ಗಂಟಲಿನ ತೊಂದರೆ ಇದ್ದ ಹಿರಿಯರಿಗೆ ಪುಡಿ ಮಾಡಿ ಕೊಡುವ ಮೊದಲು ಡಾಕ್ಟರನ್ನು ಅಥವಾ ಔಷಧ ಅಂಗಡಿಯ ಫಾರ್ಮಸಿಸ್ಟನ್ನು ಕೇಳಲೇಬೇಕು. ಕೆಲವು ಗುಳಿಗೆ ನಡುವಿನ ಗೆರೆಯಲ್ಲಿ ಮುರಿಯಬಹುದು, ಕೆಲವನ್ನು ಮುಟ್ಟಲೂಬಾರದು.

ಕೊಂಡಿ ಬಿಡಬೇಕಾದ ಜಾಗದಲ್ಲೇ ಬಿಡಬೇಕು

ಪಾಲಿಮರ್ ಒಳಗೆ ಔಷಧ ತುಂಬುವುದು ಒಂದು ದಾರಿ. ಇನ್ನೊಂದು ದಾರಿ ಔಷಧದ ಅಣುವನ್ನೇ ಪಾಲಿಮರ್ ಸರಕ್ಕೆ ಕಟ್ಟುವುದು.

ಇಳಕಲ್ ನೇಕಾರರಿಗೆ ಇದು ಬೇಗ ತಿಳಿಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಅಂತಾರೆ. ನೇಕಾರರ ಕೊಂಡಿ ಬಿಡಲೇಬಾರದು. ಈ ವಿಜ್ಞಾನಿಗಳ ಕೊಂಡಿ ದಾರಿಯಲ್ಲಿ ಬಿಡಬಾರದು, ಆದರೆ ಮನೆ ಮುಟ್ಟಿದ ಮೇಲೆ ಬಿಡಲೇಬೇಕು. ಹೈಡ್ರಜೋನ್ ಎನ್ನುವ ರಾಸಾಯನಿಕ ಕೊಂಡಿ ರಕ್ತದ ಪಿಎಚ್‌ನಲ್ಲಿ ಸಾಕಷ್ಟು ಗಟ್ಟಿ, 5ರ ಹತ್ತಿರದ ಹುಳಿಯಲ್ಲಿ ಬೇಗ ಬಿಡುತ್ತದೆ. ಇನ್ನು ಕೆಲವು ಕೊಂಡಿಗಳಿಗೆ ಹುಳಿ ಸಾಲದು, ಕತ್ತರಿ ಬೇಕು. ಕ್ಯಾನ್ಸರ್ ಗಂಟಿನಲ್ಲಿ ಕ್ಯಾಥೆಪ್ಸಿನ್ ಮುಂತಾದ ಕಿಣ್ವಗಳು ಜಾಸ್ತಿ ಇರುತ್ತವೆ. ಅವೇ ಆ ಕತ್ತರಿ.

ಬೆಳಕು ಯಾವಾಗ ಹತ್ತಬೇಕು?

ಈಗ ಹೊಳೆಯುವ ಭಾಗ. ಒಂದು ಬಣ್ಣದ ಬೆಳಕು ನುಂಗಿ ಇನ್ನೊಂದು ಬಣ್ಣದ ಬೆಳಕು ಉಗುಳುವ ಗುಣಕ್ಕೆ ಪ್ರತಿದೀಪ್ತಿ ಅಂತಾರೆ, ಇಂಗ್ಲಿಷಿನಲ್ಲಿ ಫ್ಲೋರೆಸೆನ್ಸ್. ನೋಟಿನ ನಂಬರ್ ಹೊಳೆಯುವುದು ಇದರಿಂದಲೇ. ಅಡುಗೆ ಮನೆಯ ಅರಿಸಿನವೂ ಆ ನೇರಳೆ ದೀಪದ ಕೆಳಗೆ ಹಳದಿ ಹಸಿರಾಗಿ ಹೊಳೆಯುತ್ತದೆ.

ಆಸ್ಪತ್ರೆಯಲ್ಲಿ ಇದು ಹೊಸದಲ್ಲ. ಹುನಗುಂದ ಸೀಮೆಯಲ್ಲಿ ಜೋಳದ ರಾಶಿ ಮಾಡುವಾಗ ಕಣ್ಣಿಗೆ ಹೊಟ್ಟು ಬೀಳುತ್ತದೆ, ಇಳಕಲ್ ಗ್ರಾನೈಟ್ ಕೆಲಸದಲ್ಲಿ ಕಲ್ಲಿನ ಚೂರು ಸಿಡಿಯುತ್ತದೆ. ಕಣ್ಣಿನ ಡಾಕ್ಟರ್ ಕೇಸರಿ ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಡುತ್ತಾರೆ. ಗೀರು ಬಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಆ ಬಣ್ಣದ ಹೆಸರು ಫ್ಲೋರೆಸಿನ್. ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಅದನ್ನು ತಯಾರಿಸಿದರು. ಶುಗರ್ ಇದ್ದವರ ಕಣ್ಣಿನ ಹಿಂಭಾಗದ ರಕ್ತನಾಳ ನೋಡಲು ಇದನ್ನೇ ಕೈಯ ನರಕ್ಕೆ ಚುಚ್ಚಿ ಫೋಟೋ ತೆಗೆಯುತ್ತಾರೆ. ಆಮೇಲೆ ಒಂದು ದಿನ ಮೂತ್ರ ಗಾಢ ಹಳದಿ ಹೋಗುವುದು ಅದಕ್ಕೇ, ಗಾಬರಿ ಬೇಡ.

ಆದರೆ ಫ್ಲೋರೆಸಿನ್‌ಗೆ ಜಾಣತನ ಇಲ್ಲ. ಹೋದಲ್ಲೆಲ್ಲ ಹೊಳೆಯುತ್ತದೆ. ರೋಗ ಇದ್ದಲ್ಲಿ ಮಾತ್ರ ಹೊಳೆಯಬೇಕಾದರೆ ದೀಪಕ್ಕೆ ಸ್ವಿಚ್ ಬೇಕು. ಅದಕ್ಕೆ ಒಂದು ಉಪಾಯ ಇದೆ. ಹೊಳೆಯುವ ಅಣುವಿನ ಪಕ್ಕದಲ್ಲೇ ಬೆಳಕು ನುಂಗುವ ಇನ್ನೊಂದು ಅಣುವನ್ನು ಕಟ್ಟಿಡುತ್ತಾರೆ. ಜೊತೆಗಿರುವ ತನಕ ಕತ್ತಲು. ನಡುವಿನ ಕೊಂಡಿ ಕತ್ತರಿಸಿತೋ, ಎರಡೂ ದೂರ ಆದವು, ಬೆಳಕು ಹತ್ತಿತು. ಬೆಳಕು ಹತ್ತಿದೆ ಅಂದ್ರೆ ಕೊಂಡಿ ಬಿಟ್ಟಿದೆ ಅಂತ ಅರ್ಥ. ಅದೇ ಕೊಂಡಿಗೆ ಔಷಧವೂ ಕಟ್ಟಿದ್ದರೆ ಔಷಧ ಇಲ್ಲೇ ಬಿಡುಗಡೆ ಆಯಿತು ಅಂತಲೂ ಅರ್ಥ.

ಕೀಮೋದಲ್ಲಿ ಕೆಂಪು ಔಷಧ ನೋಡಿದವರು ಇರಬಹುದು. ಅದು ಡಾಕ್ಸೊರುಬಿಸಿನ್. ಅದಕ್ಕೆ ತಾನಾಗಿಯೇ ಹೊಳೆಯುವ ಗುಣ ಇದೆ. ಸಣ್ಣ ಕಣದೊಳಗೆ ಒತ್ತೊತ್ತಾಗಿ ತುಂಬಿದಾಗ ಹೊಳಪು ಕುಂದುತ್ತದೆ, ಹೊರಗೆ ಬಂದಾಗ ಮತ್ತೆ ಹೊಳೆಯುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಔಷಧದ ದಾರಿ ಹುಡುಕಲು ಇದನ್ನು ಬಹಳ ಬಳಸುತ್ತಾರೆ. ಇದೇ ಔಷಧವನ್ನು ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ತುಂಬಿ, ಮೇಲೆ ಪೆಗ್ ಎಂಬ ಪಾಲಿಮರ್ ಹೊದಿಸಿದ ಡಾಕ್ಸಿಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತ್ತು. ನ್ಯಾನೊ ಔಷಧಗಳಲ್ಲಿ ಮೊದಲನೆಯದು ಅದು.

ಒತ್ತಾದರೆ ಹೊಳಪು ಕುಂದುವುದು ಹೆಚ್ಚಿನ ಬಣ್ಣಗಳ ಗುಣ. 2001ರಲ್ಲಿ ಹಾಂಗ್‌ಕಾಂಗ್‌ನ ಬೆನ್ ಝಾಂಗ್ ಟಾಂಗ್ ತಂಡ ಇದಕ್ಕೆ ಉಲ್ಟಾ ಗುಣದ ಅಣು ಕಂಡಿತು. ಬಿಡಿ ಬಿಡಿಯಾಗಿದ್ದಾಗ ಕತ್ತಲು, ಗುಂಪು ಕೂಡಿದಾಗ ಬೆಳಕು. ಆಮೇಲೆ ಹೊಳೆಯುವ ಪಾಲಿಮರ್‌ಗಳಲ್ಲಿ ಇಂಥ ಅಣುಗಳನ್ನು ಸೇರಿಸುವ ಕೆಲಸ ಜೋರಾಯಿತು.

ಆಪರೇಷನ್ ಥಿಯೇಟರಿಗೆ ಬಂದದ್ದು

ಲ್ಯಾಬಿನಿಂದ ರೋಗಿಯ ತನಕ ಬಂದ ಉದಾಹರಣೆ ಇದೆಯೇ ಅಂದ್ರೆ ಇದೆ. ಪೆಗ್ಯುಲಿಸಯನಿನ್ ಎಂಬ ವಸ್ತುವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ಮಾರಾಟದ ಹೆಸರು ಲುಮಿಸೈಟ್. ಇದರಲ್ಲಿ ಪೆಗ್ ಪಾಲಿಮರ್, ಹೊಳೆಯುವ ಅಣು, ಬೆಳಕು ನುಂಗುವ ಅಣು, ನಡುವೆ ಕತ್ತರಿಸಬಹುದಾದ ಕೊಂಡಿ, ಎಲ್ಲ ಇವೆ.

ಸ್ತನ ಕ್ಯಾನ್ಸರಿನ ಗಂಟು ತೆಗೆಯುವ ಕೆಲವು ಗಂಟೆ ಮೊದಲು ಇದನ್ನು ನರಕ್ಕೆ ಕೊಡುತ್ತಾರೆ. ರೋಗದ ಜಾಗದ ಕಿಣ್ವಗಳು ಕೊಂಡಿ ಕತ್ತರಿಸುತ್ತವೆ. ಗಂಟು ತೆಗೆದಾದ ಮೇಲೆ ಸರ್ಜನ್ ವಿಶೇಷ ಕ್ಯಾಮೆರಾವನ್ನು ಗಾಯದೊಳಗೆ ಹಿಡಿದು, ಇನ್ನೂ ಹೊಳೆಯುವ ಜಾಗ ಉಳಿದಿದೆಯೇ ಅಂತ ನೋಡುತ್ತಾರೆ. ಪರೀಕ್ಷೆಯಲ್ಲಿ 357 ಮಹಿಳೆಯರ ಪೈಕಿ 27 ಮಂದಿಯಲ್ಲಿ ಮಾಮೂಲಿ ಆಪರೇಷನ್ ಮುಗಿದ ಮೇಲೂ ಉಳಿದಿದ್ದ ಕ್ಯಾನ್ಸರನ್ನು ಈ ಬೆಳಕಿನಿಂದ ಕಂಡು ತೆಗೆದರು.

ಲಾಭದ ಜೊತೆ ಅಪಾಯವೂ ಇದೆ. ಕೆಲವರಿಗೆ ಜೀವಕ್ಕೆ ಕುತ್ತು ತರುವ ಅಲರ್ಜಿ ಆಗಬಹುದು ಅಂತ ಔಷಧದ ವಿವರಪತ್ರದಲ್ಲೇ ಎಫ್‌ಡಿಎ ದೊಡ್ಡ ಎಚ್ಚರಿಕೆ ಹಾಕಿಸಿದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಂತಲೂ ಅಲ್ಲ. ಲ್ಯಾಬ್ ವರದಿ ಆಮೇಲೂ ಬೇಕೇ ಬೇಕು. ಮತ್ತೆ ಇದು ತೋರಿಸುವ ಕೆಲಸ ಮಾತ್ರ ಮಾಡುತ್ತದೆ, ಔಷಧ ಕೊಡುವುದಿಲ್ಲ. ತೋರಿಸುವುದು, ಔಷಧ ಬಿಡುವುದು ಎರಡೂ ಕೆಲಸ ಮಾಡುವ ಹೊಳೆಯುವ ಪಾಲಿಮರ್‌ಗಳು ಬಹುಪಾಲು ಇನ್ನೂ ಲ್ಯಾಬಿನ ಜೀವಕೋಶ ಮತ್ತು ಇಲಿಗಳ ಹಂತದಲ್ಲಿವೆ.

ಸ್ಕ್ಯಾನಿಂಗ್ ಬದಲು ಇದು ಸಾಕೇ?

ಸಾಲದು. ಯಾಕೆ ಅಂತ ಮನೆಯಲ್ಲೇ ನೋಡಬಹುದು. ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳು ಇಡ್ರಿ. ಬೆರಳು ಕೆಂಪಾಗಿ ಕಾಣುತ್ತದೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣ ಇದ್ದರೂ ನೀಲಿ, ಹಸಿರನ್ನು ರಕ್ತ ನುಂಗಿತು, ಕೆಂಪು ಮಾತ್ರ ದಾಟಿತು. ಈಗ ಟಾರ್ಚನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಬೆನ್ನಿಗೆ ಬೆಳಕು ಬರುತ್ತದೆಯೇ? ಇಲ್ಲ.

ಅದಕ್ಕೇ ವಿಜ್ಞಾನಿಗಳು ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಆರಿಸುತ್ತಾರೆ. 700ರಿಂದ 900 ನ್ಯಾನೊಮೀಟರ್ ನಡುವಿನ ಈ ಬೆಳಕು ಮಾಂಸದಲ್ಲಿ ಹೆಚ್ಚು ದೂರ ಹೋಗುತ್ತದೆ. ಆದರೂ ಸ್ಪಷ್ಟ ಚಿತ್ರ ಬೇಕು ಅಂದ್ರೆ ಲೆಕ್ಕ ಮಿಲಿಮೀಟರಿನಲ್ಲಿ, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ತೆರೆದ ಗಾಯ, ಕಣ್ಣು, ಚರ್ಮ, ಬಾಯಿ, ಎಂಡೋಸ್ಕೋಪಿ ಹೋಗುವ ಜಾಗ, ಇಲ್ಲೆಲ್ಲ ಬೆಳಕು ಉಪಯೋಗ. ಒಳಗಿನ ಲಿವರ್ ಗಂಟು ಹೊರಗಿನಿಂದ ನೋಡಲು ಸಿಟಿ, ಎಂಆರ್‌ಐ ಬೇಕೇ ಬೇಕು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಆ ಪಾಲಿಮರ್ ಎಲ್ಲಿ ಹೋಗಬೇಕು? ಸಣ್ಣ ತುಂಡಾಗಿ ಮೂತ್ರದಲ್ಲಿ ಹೋದರೆ ಸರಿ. ಲಿವರ್, ಗುಲ್ಮದಲ್ಲಿ ಕೂತುಬಿಟ್ಟರೆ ಅದೇ ಹೊಸ ತೊಂದರೆ. ಲ್ಯಾಬಿನಲ್ಲಿ ಚೆಂದ ಹೊಳೆದ ಎಷ್ಟೋ ವಸ್ತುಗಳು ರೋಗಿಯ ತನಕ ಬಾರದೇ ಇರುವುದಕ್ಕೆ ಇದೂ ಒಂದು ಕಾರಣ.

ನಮ್ಮ ತಾಲೂಕಿನವರು ನೆನಪಿಡಬೇಕಾದದ್ದು

ಒಂದು: ನ್ಯಾನೊ ಔಷಧ, ಕೀಮೋ ಬೇಡ, ಆಪರೇಷನ್ ಬೇಡ ಅಂತ ಮೊಬೈಲಿಗೆ ಬರುವ ಜಾಹೀರಾತು ನಂಬಿ ಚಿಕಿತ್ಸೆ ಬಿಡಬಾರದು. ನಿಜವಾದ ನ್ಯಾನೊ ಔಷಧ ಆಸ್ಪತ್ರೆಯಲ್ಲಿ, ಕ್ಯಾನ್ಸರ್ ಡಾಕ್ಟರ ಚೀಟಿಯ ಮೇಲೆ, ನರಕ್ಕೆ ಕೊಡುವಂಥದ್ದು. ಮನೆ ಬಾಗಿಲಿಗೆ ಕೊರಿಯರ್‌ನಲ್ಲಿ ಬರುವ ಡಬ್ಬಿಯ ಮೇಲೆ ನ್ಯಾನೊ ಅಂತ ಬರೆದ ಮಾತ್ರಕ್ಕೆ ಅದು ಇದಾಗುವುದಿಲ್ಲ.

ಎರಡು: ಈಗ ನಮ್ಮ ಕೈಯಲ್ಲಿರುವ ಜಾಣ ಗುಳಿಗೆಗಳನ್ನು ಸರಿಯಾಗಿ ಬಳಸಬೇಕು. ಪದರ ಇದ್ದ ಗುಳಿಗೆ, ಎಸ್‌ಆರ್ ಗುಳಿಗೆ ಪುಡಿ ಮಾಡುವ ಮೊದಲು ಕೇಳಬೇಕು. ಔಷಧ ಅಂಗಡಿಯವರೂ ಗಿರಾಕಿಗೆ ಒಂದು ಮಾತು ಹೇಳಿ ಕಳಿಸಿದರೆ ಒಳ್ಳೆಯದು.

ಮೂರು: ಸರ್ಜನ್ ಕೈಯಲ್ಲಿ ಎಂಥ ಬೆಳಕು ಬಂದರೂ ರೋಗಿ ಆಸ್ಪತ್ರೆಗೆ ಬಂದ ಮೇಲೆಯೇ ಅದು ಹತ್ತುವುದು. ಎದೆಯಲ್ಲಿ ಗಂಟು, ವಾಸಿಯಾಗದ ಬಾಯಿ ಹುಣ್ಣು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ ಅಂತ ಮುಂದೂಡಬಾರದು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮೊದಲೇ ಮಾಡಿಸಿಟ್ಟುಕೊಂಡರೆ ಹುಬ್ಬಳ್ಳಿಗೆ ಹೋದ ಮೇಲೆ ಓಡಾಟ ಕಡಿಮೆ ಆಗುತ್ತದೆ.